ನಾಲ್ಕು ತೋಟದ ಕಾಗದ, ಒಂದೇ ಕಂಪ್ಯೂಟರ್: ಕೊನೆಗೂ ಬೇರೆ ಬೇರೆ ಆಯ್ತು

ಗೋಣಿಕೊಪ್ಪದ ಸುತ್ತಮುತ್ತ ನಾಲ್ಕು ಕಾಫಿ ತೋಟಗಳ ಲೆಕ್ಕವನ್ನು ನಾನು ಮನೆಯಲ್ಲೇ ಕೂತು ಬರೆಯುತ್ತೇನೆ. ಚೆಕ್‌ರೋಲ್ ಅಂದರೆ ಆಳುಗಳ ಹಾಜರಿ ಪುಸ್ತಕ, ಶನಿವಾರದ ಬಟವಾಡೆ ಪಟ್ಟಿ, ಗೊಬ್ಬರದ ಬಿಲ್ಲು, ಕಾಫಿ ಮಾರುವಾಗ ಔಟ್‌ಟರ್ನ್ ಲೆಕ್ಕ (ಒಣಗಿದ ಕಾಯಿಯಿಂದ ಎಷ್ಟು ಬೀಜ ಬರುತ್ತದೆ ಅಂತ), ಎಲ್ಲಾ. ಮೂರು ವರ್ಷದ ಹಿಂದೆ ಒಂದು ಶುಕ್ರವಾರ ರಾತ್ರಿ ಒಂದು ತೋಟದ ಬಟವಾಡೆ ಪಟ್ಟಿಯನ್ನು ಇನ್ನೊಂದು ತೋಟದ ರೈಟರಿಗೆ, ಅಂದರೆ ಗುಮಾಸ್ತನಿಗೆ, ವಾಟ್ಸಾಪ್ ಮಾಡಿಬಿಟ್ಟೆ. ಅಲ್ಲಿ ಕೊಯ್ದ ಕೆಜಿಗೆ ಎಷ್ಟು ಕೂಲಿ ಕೊಡ್ತಾರೆ ಅಂತ ಇಲ್ಲಿ ಗೊತ್ತಾಯ್ತು. ರೋಬಸ್ಟಾ ಕೊಯ್ಲಿನ ಟೈಮು, ಆಳು ಸಿಗದ ಕಾಲ. ಸೋಮವಾರ ನನಗೆ ಬಂದ ಫೋನುಗಳ ವಿಷಯ ಬೇಡ ಬಿಡಿ.

ನನ್ನ ಕಂಪ್ಯೂಟರಿನಲ್ಲಿ ಇರುವುದು ಲಿನಕ್ಸ್. ಅದರಲ್ಲಿ ತೋಟಕ್ಕೊಂದು ವರ್ಕ್‌ಸ್ಪೇಸ್ (ಒಂದೇ ಪರದೆಯಲ್ಲಿ ಬದಲಿಸಿಕೊಳ್ಳುವ ಬೇರೆ ಬೇರೆ ಡೆಸ್ಕ್‌ಟಾಪ್) ಮಾಡಿ, ಆಯಾ ವರ್ಕ್‌ಸ್ಪೇಸಿನಲ್ಲಿ ಆಯಾ ತೋಟದ ಕಾಗದ ಮಾತ್ರ ಕಾಣಬೇಕು ಅಂತ ಅವತ್ತೇ ತೀರ್ಮಾನಿಸಿದೆ. ಭಾವ ನಕ್ಕರು. ಅವರೂ ಇದೇ ಕೆಲಸದವರು, ವಿರಾಜಪೇಟೆ ಕಡೆ. "ಎಂತಕ್ಕೆ ಈ ಸರ್ಕಸ್ಸು? ಸೆಕೆಂಡ್ ಹ್ಯಾಂಡ್‌ದು ಇನ್ನೊಂದು ಕಂಪ್ಯೂಟರ್ ತಗೊಂಡುಬಿಡು" ಅಂದರು. ಇನ್ನೊಂದು ಅಂದರೆ ಒಂಬತ್ತು ಸಾವಿರ, ಮೇಲೆ ಯುಪಿಎಸ್. ತೋಟಕ್ಕೆ ತಿಂಗಳಿಗೆ ಮೂರು ಸಾವಿರದ ಆಸುಪಾಸು ಫೀಸು ತಗೊಳ್ಳುವವನು ನಾನು. ಮತ್ತೆ ಎರಡು ಕಂಪ್ಯೂಟರ್ ಇಟ್ಟರೆ ನಾಲ್ಕು ತೋಟ ಎರಡೆರಡಾಗಿ ಬೆರೆಯುತ್ತದೆ, ಅಷ್ಟೇ ಅಲ್ವಾ?

ಮೊದಲು ಕೆಡಿಇ ಪ್ಲಾಸ್ಮಾ ಅನ್ನುವ ಲಿನಕ್ಸ್ ಡೆಸ್ಕ್‌ಟಾಪಿನ ಆಕ್ಟಿವಿಟೀಸ್ (ಕೆಲಸಕ್ಕೊಂದು ಡೆಸ್ಕ್‌ಟಾಪ್) ನೋಡಿದೆ. ಫೈಲನ್ನು ಆಕ್ಟಿವಿಟಿಗೆ ಲಿಂಕ್ ಮಾಡುವ ವ್ಯವಸ್ಥೆ ಅದರಲ್ಲೇ ಇದೆ, ಯೋಚನೆ ಚೆನ್ನಾಗಿದೆ. ಆದರೆ ಆಗ ನನ್ನ ಯಂತ್ರದಲ್ಲಿ ಇದ್ದದ್ದು 4 ಜಿಬಿ ರ‍್ಯಾಮ್, ಹಳೇ ತಿರುಗುವ ಹಾರ್ಡ್ ಡಿಸ್ಕ್. ಅದೂ ಅಲ್ಲದೆ ನನಗೆ ಫೈಲಿನ ಹೆಸರು ಬದಲಿಸುತ್ತಲೇ ಇರುವ ಚಾಳಿ. ಟರ್ಮಿನಲ್‌ನಲ್ಲಿ ಹೆಸರು ಬದಲಿಸಿದ್ದೆಲ್ಲ ಕಳಚಿಕೊಂಡಿತು. ಮೂರು ವಾರ ಒದ್ದಾಡಿ ಹಗುರವಾದ ಎಕ್ಸ್‌ಎಫ್‌ಸಿಇ ಡೆಸ್ಕ್‌ಟಾಪಿಗೆ ವಾಪಸ್ ಬಂದೆ.

ಈಗ ಇರುವುದು ಹೀಗೆ. ಅಸಲು ಕಾಗದ ಎಲ್ಲಾ ಒಂದೇ ಕಡೆ, ದಾಖಲೆ ಅನ್ನುವ ಫೋಲ್ಡರಿನಲ್ಲಿ. ಇನ್ನೊಂದು ಕಡೆ 0ಯಿಂದ 4ರವರೆಗೆ ಐದು ಫೋಲ್ಡರ್. ಇವಕ್ಕೆ ನಾನು ಮೇಜು ಅನ್ನುತ್ತೇನೆ. ನಾಲ್ಕು ತೋಟಕ್ಕೆ ನಾಲ್ಕು, ಕೊನೆಯದು ನನ್ನ ಸ್ವಂತಕ್ಕೆ. ಮೇಜಿನ ಮೇಲೆ ಬರೀ ಸಿಮ್‌ಲಿಂಕ್‌ಗಳು, ಅಂದರೆ ಅಸಲು ಫೈಲ್ ಎಲ್ಲಿದೆ ಅಂತ ತೋರಿಸುವ ಕೊಂಡಿಗಳು. ಕೂಲಿ ರೇಟಿನ ಪಟ್ಟಿಯಂಥದ್ದು ಎರಡು ತೋಟಕ್ಕೆ ಬೇಕಾದರೆ ಎರಡು ಮೇಜಿನಲ್ಲೂ ಲಿಂಕ್, ಅಸಲು ಒಂದೇ. ಇದರ ಮೇಲೆ 'ಈಗ' ಅಂತ ಒಂದು ಲಿಂಕ್. ಎಕ್ಸ್‌ಪ್ರಾಪ್ ಅನ್ನುವ ಕಮಾಂಡಿಗೆ ಸ್ಪೈ (ಬದಲಾವಣೆ ಗಮನಿಸುತ್ತಿರು) ಆಯ್ಕೆ ಹಾಕಿ ಕೂರಿಸಿದರೆ ಪ್ರತಿ ಸಲ ವರ್ಕ್‌ಸ್ಪೇಸ್ ಬದಲಾದಾಗ ಒಂದು ಸಾಲು ಉಗುಳುತ್ತದೆ. ಆ ನಂಬರ್ ಹಿಡಿದು ಹತ್ತು ಸಾಲಿನ ಸ್ಕ್ರಿಪ್ಟ್ 'ಈಗ'ವನ್ನು ಆ ಮೇಜಿಗೆ ತಿರುಗಿಸುತ್ತದೆ. ಫೈಲ್ ನೋಡುವ ಥುನಾರ್‌ನಲ್ಲಿ 'ಈಗ'ಕ್ಕೆ ಬುಕ್‌ಮಾರ್ಕ್ ಹಾಕಿದ್ದೇನೆ. ಫೈಲ್ ತೆರೆಯುವ ಡಬ್ಬಿಯಲ್ಲೂ ಅದೇ ಬುಕ್‌ಮಾರ್ಕ್ ಬರುತ್ತದೆ. ಕಂಟ್ರೋಲ್ ಆಲ್ಟ್ ಬಾಣ ಒತ್ತಿದರೆ ತೋಟ ಬದಲು, ಕಾಗದವೂ ಬದಲು.

ಹೇಳಿದಷ್ಟು ಸಲೀಸಾಗಿ ಬರಲಿಲ್ಲ. ಎಣಿಕೆ ಸೊನ್ನೆಯಿಂದ ಶುರು ಅನ್ನುವುದನ್ನು ಮರೆತು ಮೊದಲ ವಾರ ಎಲ್ಲಾ ಒಂದೊಂದು ಮನೆ ಪಕ್ಕಕ್ಕೆ ಜರುಗಿತ್ತು. ಆಮೇಲೆ 'ಈಗ' ತಿರುಗುವುದನ್ನೇ ನಿಲ್ಲಿಸಿತು. ಯಾವ ವರ್ಕ್‌ಸ್ಪೇಸಿಗೆ ಹೋದರೂ ಮೊದಲ ತೋಟವೇ. ಎರಡು ರಾತ್ರಿ ಕಣ್ಣು ಬಿಟ್ಟುಕೊಂಡು ನೋಡಿ, ಸುಮ್ನೆ ಒಂದು ಸಲ ಸೊನ್ನೆ ಫೋಲ್ಡರ್ ತೆರೆದರೆ ಒಳಗೆ 1, 2, 3 ಅಂತ ಲಿಂಕ್‌ಗಳು ಸಾಲಾಗಿ ಕೂತಿವೆ! ಹಳೇ ಲಿಂಕನ್ನು ಬದಲಿಸುವ ಬದಲು ಅದರ ಒಳಗೇ ನುಗ್ಗಿ ಹೊಸದನ್ನು ಮಾಡುತ್ತಿತ್ತು. ಲಿಂಕ್ ಮಾಡುವ ಎಲ್‌ಎನ್ ಕಮಾಂಡಿಗೆ ಎಸ್, ಎಫ್ ಆಯ್ಕೆ ಹಾಕಿದ್ದೆ, ಎನ್ ಬಿಟ್ಟಿದ್ದೆ. ಒಂದು ಅಕ್ಷರ.

ದುಡ್ಡು ಹೋದದ್ದು ಸೆಡ್‌ನಿಂದ, ಫೈಲಿನೊಳಗಿನ ಅಕ್ಷರ ಬದಲಿಸುವ ಕಮಾಂಡ್ ಅದು. ಕೂಲಿ ರೇಟು ಏರಿತ್ತು. ಜಾಣತನ ಮಾಡಲು ಹೋಗಿ ಒಂದು ಮೇಜಿನ ಒಳಗೇ ನಿಂತು ಸೆಡ್‌ಗೆ ಐ (ಅದೇ ಫೈಲಿನಲ್ಲಿ ಬದಲಿಸು) ಆಯ್ಕೆ ಹಾಕಿ ರೇಟಿನ ಪಟ್ಟಿಯ ಸಿಎಸ್‌ವಿ ಫೈಲಿನಲ್ಲಿ ಹೊಸ ರೇಟು ಬರೆದೆ. ಸೆಡ್ ಏನು ಮಾಡುತ್ತದೆ ಗೊತ್ತಲ್ಲ, ಲಿಂಕ್ ಕಿತ್ತು ಆ ಜಾಗದಲ್ಲಿ ಹೊಸ ಫೈಲ್ ಇಡುತ್ತದೆ. ಅಸಲಿನಲ್ಲಿ ಹಳೇ ರೇಟು ಹಾಗೇ ಉಳಿಯಿತು. ಇನ್ನೊಂದು ತೋಟದಲ್ಲಿ ಎರಡು ಬಟವಾಡೆ ಹಳೇ ರೇಟಿನಲ್ಲೇ ನಡೆದುಹೋಯ್ತು. ಮೇಸ್ತ್ರಿ ಲೈನ್ ಮನೆಗಳಲ್ಲಿರುವ ಆಳುಗಳನ್ನೆಲ್ಲ ಕರೆದುಕೊಂಡು ಮಾಲೀಕರ ಅಂಗಳಕ್ಕೆ ಹೋದ. ಬಾಕಿ ಅವರು ಕೊಟ್ಟರು, ಆ ತಿಂಗಳ ನನ್ನ ಫೀಸಿನಲ್ಲಿ ಸುಮಾರು ಎರಡು ಸಾವಿರ ಮುರಿದುಕೊಂಡರು. ಸರಿಯೇ. ಲಿಂಕ್ ಹಿಡಿದು ಹೋಗು ಅಂತ ಹೇಳುವ ಆಯ್ಕೆ ಸೆಡ್‌ನಲ್ಲೇ ಇದೆ. ಆದರೂ ಈಗ ಅಸಲಿನ ಫೋಲ್ಡರಿಗೆ ಹೋಗಿಯೇ ಕೈ ಹಾಕುತ್ತೇನೆ. ಲಿಬ್ರೆ ಆಫೀಸ್ ನನ್ನಲ್ಲಿ ಇದುವರೆಗೆ ಲಿಂಕ್ ಮುರಿದಿಲ್ಲ.

ಐಕಾನ್‌ಗಳೂ ಬದಲಾಗಲಿ ಅಂತ ಡೆಸ್ಕ್‌ಟಾಪ್ ಫೋಲ್ಡರನ್ನೇ ಲಿಂಕ್ ಮಾಡಿ ನೋಡಿದ್ದುಂಟು. ಎರಡು ಸಲಕ್ಕೊಮ್ಮೆ ಹಳೇ ಐಕಾನ್ ಹಾಗೇ ಉಳಿಯುತ್ತಿತ್ತು. ಅದು ಎಲ್ಲಕ್ಕಿಂತ ಅಪಾಯ, ಬಿಟ್ಟೆ. ಬದಲಿಗೆ ವಾಲ್‌ಪೇಪರ್ ಬೇರೆ ಬೇರೆ ಹಾಕಿದೆ. ಎಲ್ಲಾ ವರ್ಕ್‌ಸ್ಪೇಸಿಗೂ ಒಂದೇ ಅನ್ನುವ ಟಿಕ್ ತೆಗೆದರಾಯ್ತು. ಒಂದಕ್ಕೆ ತೋಟದ ಗೇಟು, ಒಂದಕ್ಕೆ ಸಿಲ್ವರ್ ಓಕ್ ಹಬ್ಬಿದ ಮೆಣಸಿನ ಬಳ್ಳಿ, ಒಂದಕ್ಕೆ ಹೂಮಳೆ ಬಿದ್ದ ಮೇಲಿನ ಬಿಳಿ ಕಾಫಿ ಹೂವು. ಯಾವ ತೋಟದಲ್ಲಿ ಇದ್ದೇನೆ ಅಂತ ಓದಿ ತಿಳಿಯಬೇಕಿಲ್ಲ. ಡೆಸ್ಕ್‌ಟಾಪ್ ಮೇಲೆ ಮೌಸಿನ ಚಕ್ರ ತಿರುಗಿದರೂ ವರ್ಕ್‌ಸ್ಪೇಸ್ ಬದಲಾಗುತ್ತದೆ, ಅದನ್ನು ಮೊದಲು ಆಫ್ ಮಾಡಿ. ನನಗೆ ಅದು ಗೊತ್ತಾಗಲು ಒಂದು ತಿಂಗಳು ಬೇಕಾಯ್ತು.

ಇನ್ನೊಂದು ಕಾಟ. ಆಫೀಸ್ ತೆರೆಯುವಷ್ಟರಲ್ಲಿ ನಾನು ಬೇರೆ ತೋಟಕ್ಕೆ ಹಾರಿರುತ್ತೇನೆ, ಕಿಟಕಿ ಅಲ್ಲಿ ಬಂದು ಕೂರುತ್ತದೆ. ಕಿಟಕಿ ಜರುಗಿಸುವ ಡಬ್ಲ್ಯೂಎಂಕಂಟ್ರೋಲ್ ಕಮಾಂಡಿನಿಂದ ಅದನ್ನು ಎತ್ತಿ ಅದರ ಮನೆಗೆ ಕಳಿಸುತ್ತೇನೆ. ಯಾವ ಕಿಟಕಿ ಯಾವ ತೋಟದ್ದು ಅಂತ ಗುರುತು ಹಿಡಿಯುವುದು ಹೇಗೆ ಅನ್ನುವುದನ್ನು ಇಲ್ಲಿ ಬರೆಯಲ್ಲ. ಫೈಲಿಗೆ ಹೆಸರಿಡುವುದರಲ್ಲಿದೆ, ಅಷ್ಟು ಸಾಕು. ಕಳಿಸುವ ಮುಂಚೆ ತಪ್ಪು ತೋಟದ ಪಿಡಿಎಫ್ ತಡೆಯುವ ಒಂದು ಉಪಾಯವೂ ಇದೆ, ಅದು ನನ್ನ ಹೊಟ್ಟೆಪಾಡು. ಹಾಂ, ಇದೆಲ್ಲ ಎಕ್ಸ್11ರಲ್ಲಿ ಮಾತ್ರ, ಲಿನಕ್ಸಿನಲ್ಲಿ ಪರದೆಗೆ ಕಿಟಕಿ ಬಿಡಿಸುವ ಹಳೇ ವ್ಯವಸ್ಥೆ ಅದು. ಅದರ ಹೊಸ ಬದಲಿಯಾದ ವೇಲ್ಯಾಂಡ್‌ನಲ್ಲಿ ಕೂತವರು ಇದನ್ನು ಹಾಗೇ ಎತ್ತಿಕೊಂಡರೆ ನಡೆಯಲ್ಲ.

ಖರ್ಚು ನೆನಪಿದ್ದಷ್ಟು: ರ‍್ಯಾಮ್ 8 ಜಿಬಿ ಮಾಡಲು ಸಾವಿರದ ಆರುನೂರು, 240 ಜಿಬಿ ಎಸ್‌ಎಸ್‌ಡಿ ಹತ್ತಿರ ಹತ್ತಿರ ಎರಡು ಸಾವಿರ, ಯುಪಿಎಸ್ ಬ್ಯಾಟರಿ ಸಾವಿರದ ಚಿಲ್ಲರೆ. ಜುಲೈ ಮಳೆಯಲ್ಲಿ ಕರೆಂಟ್ ಹೋದರೆ ಮೂರು ದಿನ ಬರದ ಊರು ನಮ್ಮದು, ಬ್ಯಾಟರಿ ಬಿಡುವ ಹಾಗಿಲ್ಲ. ಬ್ಯಾಕಪ್ ಪೆನ್‌ಡ್ರೈವ್‌ಗೆ. ಅದರ ಫಾರ್ಮ್ಯಾಟ್ ಫ್ಯಾಟ್32, ಸಿಮ್‌ಲಿಂಕ್ ಅದರಲ್ಲಿ ನಿಲ್ಲುವುದಿಲ್ಲ. ಹಾಗಾಗಿ ಅಸಲು ಫೋಲ್ಡರ್ ಮಾತ್ರ ನಕಲು ಮಾಡುತ್ತೇನೆ, ಮೇಜುಗಳನ್ನು ಮತ್ತೆ ಕಟ್ಟಲು ಒಂದು ಪುಟ್ಟ ಸ್ಕ್ರಿಪ್ಟ್ ಇದೆ.

ಎರಡು ಕೊಯ್ಲು ಕಳೆಯಿತು, ಒಂದು ಕಾಗದವೂ ದಾರಿ ತಪ್ಪಿಲ್ಲ. ಕಳೆದ ಜನವರಿಯಲ್ಲಿ ಭಾವನಿಂದ ಫೋನು. "ನಿನ್ನ ಆ ಸರ್ಕಸ್ಸು ನನಗೂ ಒಂಚೂರು ಹಾಕಿಕೊಡು ಮಾರಾಯ." ಅವರದ್ದು ಆರು ತೋಟ. ಒಂದು ಭಾನುವಾರ ಪೂರ್ತಿ ಹಿಡಿಯಿತು. ಫೀಸು ಕೇಳಲಿಲ್ಲ, ಎರಡು ಕೆಜಿ ಕರಿಮೆಣಸು ಬಂತು. ಪಿಡಿಎಫ್ ತಡೆಯುವ ಉಪಾಯ ಮಾತ್ರ ಅವರಿಗೂ ಕೊಟ್ಟಿಲ್ಲ.