ಯಂತ್ರವಿಲ್ಲದೆ ತೊಳೆದ ಕೀಲಿ ಗಡಿಯಾರ: ನನ್ನ ಅನುಭವ

ಅಲ್ಟ್ರಾಸಾನಿಕ್ ಯಂತ್ರವಿಲ್ಲದೆ ಹಳೆಯ ಕೈಗಡಿಯಾರವನ್ನು ಸರಿಯಾಗಿ ತೊಳೆಯಲಾಗದು, ಬೇರೆ ಮೂವ್‌ಮೆಂಟ್ (ಗಡಿಯಾರದ ಒಳಗಿನ ಇಡೀ ಯಂತ್ರಭಾಗ) ಹಾಕಿ ಮುಗಿಸು ಎಂದು ನನಗೆ ಹೇಳದವರಿಲ್ಲ. 17 ಜ್ಯುಯೆಲ್‌ಗಳ (ಸವೆತ ತಡೆಯುವ ಪುಟ್ಟ ಗಟ್ಟಿ ಕಲ್ಲುಗಳ), ಗಂಟೆಗೆ 18,000 ಬಡಿತದ ಈ ಗಡಿಯಾರ ಕೈಗೆ ಬಂದಾಗ ಪೂರ್ತಿ ಕೀಲಿ ಕೊಟ್ಟರೂ ಆಂಪ್ಲಿಟ್ಯೂಡ್ (ಅತ್ತಿತ್ತ ತೂಗುವ ಬ್ಯಾಲೆನ್ಸ್ ವೀಲ್ ತಿರುಗುವ ಕೋನ) 180 ಡಿಗ್ರಿಯ ಆಸುಪಾಸಿನಲ್ಲಿ ತೆವಳುತ್ತಿತ್ತು. ಈಗ ಡಯಲ್ ಮೇಲ್ಮುಖವಾಗಿದ್ದರೆ 270 ದಾಟುತ್ತದೆ.

ಮೊದಲ ಪ್ರಯತ್ನದಲ್ಲೇ ಮುಗ್ಗರಿಸಿದೆ. ಬಡಿತ ಬಡಿತಕ್ಕೂ ಚಕ್ರಗಳನ್ನು ತಡೆದು ಬಿಡುವ ಪ್ಯಾಲೆಟ್ ಫೋರ್ಕನ್ನೂ ಉಳಿದ ಭಾಗಗಳ ಜೊತೆ ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಬಿಟ್ಟು ಮರೆತಿದ್ದರಿಂದ ಅದರ ಕಲ್ಲುಗಳನ್ನು ಅಂಟಿಸಿದ್ದ ಅರಗು ಕರಗಿ ಒಂದು ಕಲ್ಲು ಕಳಚಿಕೊಂಡಿತು, ಹೊಸ ಫೋರ್ಕಿಗೆ ಗಡಿಯಾರದ ಬೆಲೆಯ ಅರ್ಧದಷ್ಟು ಹೋಯಿತು. ಮೇನ್‌ಸ್ಪ್ರಿಂಗ್ (ಕೀಲಿಯ ಶಕ್ತಿ ಹಿಡಿದಿಡುವ ಸುರುಳಿ) ಸೋತಿರಬೇಕೆಂದು ಹೊಸದನ್ನು ಹಾಕಿದರೆ ಏರಿದ್ದು ಹದಿನೈದೇ ಡಿಗ್ರಿ. ಕೊನೆಗೆ ಸೋತು, ಎಲ್ಲರೂ ಹೇಳಿದ ಆ ಬೇರೆ ಮೂವ್‌ಮೆಂಟನ್ನೂ ತರಿಸಿದೆ. ಚೆನ್ನಾಗಿ ಓಡುತ್ತದೆಂದು ಮಾರಿದ ಅದರ ಬ್ಯಾಲೆನ್ಸ್ ಸ್ಟಾಫಿನ (ಬ್ಯಾಲೆನ್ಸ್ ವೀಲಿನ ಅಚ್ಚಿನ) ಒಂದು ಪಿವಟ್ಟೇ, ಅಂದರೆ ಸೂಜಿಯಂಥ ತುದಿಯೇ, ಮುರಿದಿತ್ತು. ಅಷ್ಟರಲ್ಲಿ ಬಿಡಿಭಾಗಗಳ ಖರ್ಚು ಗಡಿಯಾರದ ಬೆಲೆಯ ಎರಡರಷ್ಟನ್ನು ಮೀರಿತ್ತು.

ಗಂಟು ಬಿಡಿಸಿದ್ದು ಖರ್ಚಿಲ್ಲದ ಪರೀಕ್ಷೆ. ಫೋರ್ಕ್ ತೆಗೆದು, ಬ್ಯಾರೆಲ್ಲಿಗೆ (ಮೇನ್‌ಸ್ಪ್ರಿಂಗಿನ ಡಬ್ಬಿಗೆ) ಎರಡು ಮೂರು ಹಲ್ಲಿನಷ್ಟು ಕೀಲಿ ಕೊಟ್ಟು ಚಕ್ರಗಳನ್ನು ಓಡಲು ಬಿಟ್ಟರೆ, ಆರೋಗ್ಯವಾಗಿರುವ ಸಾಲು ನಿಲ್ಲುವ ಮುನ್ನ ತುಸು ಹಿಂದಕ್ಕೆ ತಿರುಗುತ್ತದೆ. ನನ್ನದು ಗೋಡೆಗೆ ಹೊಡೆದಂತೆ ನಿಂತಿತು. ಒಂದೊಂದೇ ಚಕ್ರವನ್ನು ಕೂರಿಸಿ ಗಾಳಿ ಊದಿ ನೋಡಿದಾಗ ಸಿಕ್ಕಿಬಿದ್ದದ್ದು ಮೂರನೆಯ ಚಕ್ರ. ಅದರ ಕೆಳಗಿನ ಜ್ಯುಯೆಲ್ ರಂಧ್ರದೊಳಗೆ ಹಳೆಯ ಎಣ್ಣೆ ವಾರ್ನಿಷಿನಂತೆ ಗಟ್ಟಿಯಾಗಿ ಕಂದು ಉಂಗುರ ಕಟ್ಟಿತ್ತು. ಪೆಗ್‌ವುಡ್ ಎಂಬ ಮರದ ಕಡ್ಡಿಯನ್ನು ಚೂಪು ಮಾಡಿ ತಿರುಗಿಸುವುದು, ಕಪ್ಪಾದ ತುದಿಯನ್ನು ಕೆತ್ತಿ ಮತ್ತೆ ತಿರುಗಿಸುವುದು, ಅದು ಬೆಳ್ಳಗೆ ಹೊರಬರುವ ತನಕ ಇದೇ ಕೆಲಸ. ಆ ಒಂದು ರಂಧ್ರಕ್ಕೇ ಹದಿನೈದು ಸಲ ಕೆತ್ತಿರಬೇಕು. ಬಳಿಕ ಮೂರು ಗಾಜಿನ ಭರಣಿಗಳಲ್ಲಿ, ಮೆತ್ತನೆಯ ಕುಂಚದಿಂದ, ಪ್ರತಿಯೊಂದು ಭಾಗವನ್ನೂ ತೊಳೆದೆ. ಮೂರನೆಯ ಭರಣಿಯಲ್ಲಿ ಏನಿತ್ತೆಂಬುದನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ. ಯಂತ್ರವಿದ್ದವರೂ ಕೈಯಿಂದ ರಂಧ್ರ ಉಜ್ಜದಿದ್ದರೆ ಆ ಉಂಗುರ ಅಲ್ಲೇ ಉಳಿಯುತ್ತಿತ್ತೆಂಬುದು ನನ್ನ ಖಚಿತ ಅಭಿಪ್ರಾಯ.

ನಡುವೆ ಕುತೂಹಲಕ್ಕೆ, ಒಣಗಿಯೇ ಇರಬೇಕಾದ ಪ್ಯಾಲೆಟ್ ಪಿವಟ್ಟುಗಳಿಗೆ 9010 ಎಂಬ ತೆಳುವಾದ ಗಡಿಯಾರದ ಎಣ್ಣೆಯನ್ನು ಸೋಕಿಸಿ ನೋಡಿದೆ. ಆಂಪ್ಲಿಟ್ಯೂಡ್ ಸುಮಾರು ಇಪ್ಪತ್ತು ಡಿಗ್ರಿ ಕುಸಿಯಿತು, ಬಿಚ್ಚಿ ಮತ್ತೆ ತೊಳೆಯಬೇಕಾಯಿತು. ಈ ಹಳೆಯ ಮೂವ್‌ಮೆಂಟಿನಲ್ಲಿ ಹೇರ್‌ಸ್ಪ್ರಿಂಗಿನ (ಬ್ಯಾಲೆನ್ಸನ್ನು ತೂಗಿಸುವ ಎಳೆಸುರುಳಿಯ) ಹೊರತುದಿ ಹಿಡಿಯುವ ಸ್ಟಡ್ ಸರಿಯದ ಕಾರಣ, 3.4 ಮಿಲಿಸೆಕೆಂಡಿದ್ದ ಬೀಟ್ ಎರರನ್ನು (ಟಿಕ್ ಮತ್ತು ಟಾಕ್‌ಗಳ ಅಂತರದ ಅಸಮತೆಯನ್ನು) 0.5ಕ್ಕೆ ಇಳಿಸಲು ಅದರ ಒಳತುದಿಯ ಕಾಲೆಟ್ಟನ್ನೇ ತಿರುಗಿಸುತ್ತ ನಾಲ್ಕು ಸಲ ಬ್ಯಾಲೆನ್ಸ್ ಹೊರತೆಗೆದೆ. ಹೇರ್‌ಸ್ಪ್ರಿಂಗಿಗೆ ಏನೂ ಆಗಲಿಲ್ಲವೆಂದು ಇಲ್ಲಿ ಸ್ವಲ್ಪ ಬೀಗಬಹುದು.

ಡಯಲನ್ನು ಮುಟ್ಟಲಿಲ್ಲ. ಹಿಂದೊಮ್ಮೆ ಬೇರೊಂದನ್ನು ಒರೆಸಲು ಹೋಗಿ ಅಚ್ಚಾದ ಅಕ್ಷರಗಳನ್ನೇ ಅಳಿಸಿದ್ದೆ. ಮೇಲಾಗಿ ಮುಳ್ಳುಗಳ ಮೇಲಿನ ಹಳೆಯ ಹೊಳಪಿನ ಲೇಪದಲ್ಲಿ ವಿಕಿರಣ ಸೂಸುವ ರೇಡಿಯಂ ಇರಬಹುದಾದ್ದರಿಂದ ಅದನ್ನು ಕೆರೆಯುವ ಮಾತೇ ಇರಲಿಲ್ಲ.

ಈಗ ಡಯಲ್ ಮೇಲಿದ್ದಾಗ ದಿನಕ್ಕೆ ಆರು ಸೆಕೆಂಡು ಮುಂದೆ, ಕೀಲಿ ಕೊಡುವ ಕಿರೀಟ ಕೆಳಗಿದ್ದಾಗ ಹತ್ತು ಸೆಕೆಂಡಿನಷ್ಟು ಹಿಂದೆ ಓಡುತ್ತಿದೆ. ಈ ವ್ಯತ್ಯಾಸಕ್ಕೆ ಬ್ಯಾಲೆನ್ಸ್ ವೀಲಿನ ತೂಕದ ಅಸಮತೋಲವೇ ಕಾರಣವಿರಬೇಕೆಂಬುದು ನನ್ನ ಗುಮಾನಿ. ಮುಂದಿನ ಸಲ ಬಿಚ್ಚಿದಾಗ ಮೊದಲು ನೋಡುವುದು ಅದನ್ನೇ.