ಫಾರಿನ್ ಫಂಡಿಂಗ್‌ನ ಫ್ರೀ ಡಿಜಿಟಲ್ ಟ್ರೈನಿಂಗ್: ತುಮಕೂರು ಕಡೆ ಹುಡುಗೀರು ಸೇರೋದು ಹೇಗೆ, ಸೇರಿದ್ಮೇಲೆ ಏನ್ ಮಾಡ್ಬೇಕು

ತಿಪಟೂರಲ್ಲಿ ಕೊಬ್ಬರಿ ಎಣ್ಣೆ ಮಾಡೋರು, ಚಿಕ್ಕನಾಯಕನಹಳ್ಳಿ ಕಡೆ ಹುಣಸೆ ತೊಕ್ಕು ಮಾಡೋರು, ಮನೇಲೇ ಬ್ಲೌಸ್ ಹೊಲಿಯೋರು, ಇಂಥ ಹುಡುಗೀರಿಗೆ ಫೋನಲ್ಲಿ ವ್ಯಾಪಾರ ಮಾಡೋದು ಕಲಿಸೋಕೆ ಹೊರದೇಶದ ಕಂಪನಿಗಳು, ಫೌಂಡೇಶನ್‌ಗಳು ದುಡ್ಡು ಕೊಡ್ತವೆ. ಆದ್ರೆ ಅವರೇ ಬಂದು ತುಮಕೂರಲ್ಲಿ ಆಫೀಸ್ ತೆಗೆಯೋದು ಅಪರೂಪ. ದುಡ್ಡು ಅಲ್ಲಿಂದ, ನಡೆಸೋದು ಇಲ್ಲಿಯ ಎನ್‌ಜಿಒ ಇಲ್ಲಾ ಕಾಲೇಜು, ಹುಡುಗೀರನ್ನ ಸೇರಿಸೋದು ಹೆಚ್ಚಾಗಿ ಸಂಘಗಳ ಮೂಲಕ. 2015ರಲ್ಲಿ ಗೂಗಲ್, ಟಾಟಾ ಟ್ರಸ್ಟ್ಸ್ ಸೇರಿ ಶುರು ಮಾಡಿದ್ದ ಇಂಟರ್ನೆಟ್ ಸಾಥಿ ಕೂಡ ಹಿಂಗೇ ನಡೆದಿದ್ದು, ಹಳ್ಳಿ ಹೆಣ್ಮಕ್ಕಳೇ ಅಕ್ಕಪಕ್ಕದ ಊರಿನ ಹೆಣ್ಮಕ್ಕಳಿಗೆ ಇಂಟರ್ನೆಟ್ ಕಲಿಸಿದ್ರು.

ಹಾಗಾಗಿ ಈ ಸುದ್ದಿ ಪೇಪರಲ್ಲಿ ಬರ್ಲಿ ಅಂತ ಕಾಯ್ಬೇಡಿ. ಸಂಜೀವಿನಿ ಒಕ್ಕೂಟದ (ಪಂಚಾಯ್ತಿಯ ಮಹಿಳಾ ಸಂಘಗಳೆಲ್ಲ ಸೇರಿದ ಕೂಟ) ವಾಟ್ಸಾಪ್ ಗ್ರೂಪಲ್ಲಿ ಮೆಸೇಜ್ ಬಂದಿರತ್ತೆ, ನೋಡೋಷ್ಟರಲ್ಲಿ ಸೀಟ್ ತುಂಬೋಗಿರತ್ತೆ. ನಿಮ್ಮ ಪಂಚಾಯ್ತಿಯ ಎಂಬಿಕೆ (ಒಕ್ಕೂಟದ ಲೆಕ್ಕಪುಸ್ತಕ ಬರೆಯೋರು) ಅಕ್ಕನಿಗೆ ಮೊದಲೇ ಹೇಳಿಡಿ, "ಅಕ್ಕಾ, ಡಿಜಿಟಲ್ ಟ್ರೈನಿಂಗ್ ಏನಾದ್ರೂ ಬಂದ್ರೆ ನನ್ ಹೆಸರು ಬರ್ಕೊಳಿ" ಅಂತ. ಜಿಲ್ಲೆಯ ಆರ್‌ಸೆಟಿಗೂ ಒಂದ್ಸಲ ಹೋಗಿಬನ್ನಿ, ಅದು ಬ್ಯಾಂಕಿನವರು ನಡೆಸೋ ಸ್ವಉದ್ಯೋಗ ತರಬೇತಿ ಕೇಂದ್ರ, ಅಲ್ಲೂ ಟ್ರೈನಿಂಗ್ ಫ್ರೀ.

ಈಗ ಎಲ್ಲಕ್ಕಿಂತ ಮುಖ್ಯವಾದ ವಿಷ್ಯ. ಫೋನ್ ನಂಬರ್ ನಿಮ್ಮ ಹೆಸರಲ್ಲೇ ಇರ್ಬೇಕು, ಆಧಾರ್‌ಗೆ ಲಿಂಕ್ ಆಗಿರ್ಬೇಕು, ಬ್ಯಾಂಕ್ ಖಾತೆಗೂ ಅದೇ ನಂಬರ್. ಎಷ್ಟೋ ಮನೇಲಿ ಸಿಮ್ ಅಣ್ಣನ ಹೆಸರಲ್ಲಿ, ಒಟಿಪಿ ಗಂಡನ ಫೋನಿಗೆ, ಇಮೇಲ್ ಸೈಬರ್ ಸೆಂಟರ್ ಹುಡುಗ ಮಾಡ್ಕೊಟ್ಟಿದ್ದು, ಪಾಸ್‌ವರ್ಡ್ ಅವನಿಗೇ ಗೊತ್ತು. ಹಿಂಗಿದ್ರೆ ಟ್ರೈನಿಂಗಲ್ಲಿ ಏನೇ ಕಲಿತ್ರೂ ಮನೆಗೆ ಬಂದು ಒಂದು ಆರ್ಡರ್ ತಗೊಳಕ್ಕೂ ಇನ್ನೊಬ್ಬರನ್ನ ಕೇಳ್ಬೇಕು. ನನ್ನ ಪ್ರಕಾರ ಕೋರ್ಸಿಗೆ ಸೇರೋದಕ್ಕಿಂತ ಮುಂಚೆ ಆಗ್ಬೇಕಾದ ಕೆಲಸ ಇದು. ಜೊತೆಗೆ ಉದ್ಯಮ್ (ಸಣ್ಣ ಉದ್ಯಮಗಳ ಸರ್ಕಾರಿ ನೋಂದಣಿ) ರಿಜಿಸ್ಟ್ರೇಷನ್ ಮಾಡ್ಸಿ, ಸರ್ಕಾರದ ವೆಬ್‌ಸೈಟಲ್ಲಿ ಪೂರ್ತಿ ಫ್ರೀ, ಸೈಬರ್‌ನವರು ಸಾವಿರ ಕೇಳಿದ್ರೆ ಎದ್ದು ಬನ್ನಿ.

ಅರ್ಜಿ ತುಂಬುವಾಗ "ನಿಮ್ಮ ಬಿಸಿನೆಸ್ ಬಗ್ಗೆ ಬರೆಯಿರಿ" ಅಂತ ಒಂದು ಜಾಗ ಇರತ್ತೆ. ಎಲ್ರೂ ಅಲ್ಲಿ "ನನ್ನ ಕಾಲ ಮೇಲೆ ನಾನು ನಿಲ್ಲಬೇಕು" ಅಂತ ಬರೀತಾರೆ, ಅದು ನಿಜಾನೇ, ಆದ್ರೆ ಓದೋರಿಗೆ ನಿಮ್ಮ ವ್ಯಾಪಾರ ಕಾಣಲ್ಲ. ಹಿಂಗೆ ಬರೀರಿ: "ವಾರಕ್ಕೆ 40 ಬಾಟ್ಲಿ ತೊಕ್ಕು ಮಾಡ್ತೀನಿ, ಬಾಟ್ಲಿಗೆ 120 ರೂಪಾಯಿ, ಸಾಮಾನು ಗಾಜು ಲೇಬಲ್ ಎಲ್ಲ ಸೇರಿ 75 ಖರ್ಚು, ಬರೀ ಸಂತೇಲಿ ಮಾರ್ತೀನಿ, ಬೆಂಗಳೂರಿಗೆ ಕಳ್ಸೋದು ಗೊತ್ತಿಲ್ಲ." ಇಷ್ಟು ಸಾಕು, ಕನ್ನಡದಲ್ಲೇ ಬರೆದ್ರೂ ನಡೆಯತ್ತಾ ಅಂತ ಫೋನ್ ಮಾಡಿ ಕೇಳಿ.

ದುಡ್ಡು ಕೇಳಿದ್ರೆ ಅದು ಮೋಸ ಅಂತಲೇ ತಿಳ್ಕೊಳಿ. ಫ್ರೀ ಟ್ರೈನಿಂಗ್ ಅಂತ ಕರೆದು ರಿಜಿಸ್ಟ್ರೇಷನ್ ಫೀ, ಲ್ಯಾಪ್‌ಟಾಪ್ ಡೆಪಾಸಿಟ್ ಅಂದ್ರೆ, ಇಲ್ಲಾ ಯಾವ್ದೋ ಎಪಿಕೆ ಫೈಲ್ (ಪ್ಲೇ ಸ್ಟೋರ್ ಬಿಟ್ಟು ಹೊರಗಿಂದ ಹಾಕ್ಕೊಳೋ ಆ್ಯಪ್) ಕಳ್ಸಿ ಹಾಕ್ಕೊಳಿ ಅಂದ್ರೆ ಅಲ್ಲೇ ಬಿಟ್ಬಿಡಿ. ಎನ್‌ಜಿಒ ಹೊರದೇಶದಿಂದ ನೇರವಾಗಿ ದುಡ್ಡು ತಗೋಬೇಕಾದ್ರೆ ಕೇಂದ್ರ ಗೃಹ ಇಲಾಖೆಯ ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ಕಾಯ್ದೆ) ಅನುಮತಿ ಇರ್ಬೇಕು, ಅದು ಇದೆಯಾ ಅಂತ ಅವರನ್ನೇ ಕೇಳಿ. ಹೊರದೇಶದ ಕಂಪನಿಯ ಇಂಡಿಯಾ ಶಾಖೆ ಸಿಎಸ್‌ಆರ್‌ನಲ್ಲಿ (ಕಂಪನಿಗಳು ಸಮಾಜದ ಕೆಲಸಕ್ಕೆ ತೆಗೆದಿಡೋ ದುಡ್ಡು) ಕೊಟ್ಟಿದ್ರೆ ಸಾಮಾನ್ಯವಾಗಿ ಇದು ಬೇಕಾಗಲ್ಲ, ಆಗ ಯಾವ ಕಂಪನಿ ಅಂತ ನೇರವಾಗಿ ಕೇಳಿ. ದುಡ್ಡು ಹೋಗೇ ಹೋಯ್ತು ಅಂದ್ರೆ ತಡ ಮಾಡ್ದೆ ಸೈಬರ್ ಮೋಸದ ಸಹಾಯವಾಣಿ 1930ಗೆ ಫೋನ್ ಮಾಡಿ.

ಸೀಟ್ ಸಿಗ್ಲಿಲ್ಲ ಅಂತ ಸುಮ್ನೆ ಕೂರ್ಬೇಡಿ. ಅಮೆರಿಕದ ಬ್ಯಾಂಕ್ ಗೋಲ್ಡ್‌ಮನ್ ಸ್ಯಾಕ್ಸ್‌ನ 10,000 ವಿಮೆನ್ ಅನ್ನೋ ಹೆಣ್ಮಕ್ಕಳ ಬಿಸಿನೆಸ್ ಕೋರ್ಸ್ 2008ರಲ್ಲಿ ಶುರುವಾಗಿದ್ದು, ನಮ್ಮ ಬೆಂಗಳೂರಿನ ಐಐಎಂ ಕೂಡ ಅದರ ಜೊತೆ ಕೆಲಸ ಮಾಡಿದೆ, ಆ ಕೋರ್ಸ್ ಆನ್‌ಲೈನಲ್ಲೂ ಫ್ರೀ ಇದೆ. ಎಚ್‌ಪಿ ಫೌಂಡೇಶನ್‌ನ ಎಚ್‌ಪಿ ಲೈಫ್ ಅನ್ನೋ ಫ್ರೀ ಆನ್‌ಲೈನ್ ಕೋರ್ಸ್ ಇದೆ, ಚಿಕ್ಕ ಚಿಕ್ಕ ಪಾಠ, ಕೊನೇಲಿ ಸರ್ಟಿಫಿಕೇಟ್. ಇಂಗ್ಲಿಷ್ ಕಷ್ಟ ಆದ್ರೆ ಕ್ರೋಮ್‌ನಲ್ಲಿ ಟ್ರಾನ್ಸ್‌ಲೇಟ್ ಒತ್ತಿ ಓದ್ಕೊಳಿ, ಕನ್ನಡ ಸ್ವಲ್ಪ ವಿಚಿತ್ರ ಬರತ್ತೆ ಆದ್ರೆ ಅರ್ಥ ಆಗತ್ತೆ.

ಕ್ಲಾಸಲ್ಲಿ ಕೇಳಿದ್ದನ್ನ ಅವತ್ತೇ ನಿಮ್ಮ ಫೋನಲ್ಲಿ ಮಾಡಿ. ವಾಟ್ಸಾಪ್ ಬಿಸಿನೆಸ್ ಹಾಕ್ಕೊಂಡು ಕ್ಯಾಟಲಾಗಲ್ಲಿ (ಸಾಮಾನಿನ ಫೋಟೋ, ಬೆಲೆ ಇರೋ ಪಟ್ಟಿ) ಮೊದಲು ಒಂದೇ ಒಂದು ಐಟಂ ಸೇರಿಸಿ. ಫೋಟೋಗೆ ಬಾಟ್ಲಿಯನ್ನ ಬೆಳಗಿನ ಹೊತ್ತು ಕಿಟಕಿ ಪಕ್ಕ ಇಡಿ, ಫ್ಲ್ಯಾಶ್ ಆಫ್ ಮಾಡಿ (ಗಾಜಿನ ಮೇಲೆ ಬಿಳಿ ಚುಕ್ಕೆ ಬೀಳತ್ತೆ), ಹಿಂದೆ ಒಂದೇ ಬಣ್ಣದ ಬಟ್ಟೆ, ಲೇಬಲ್ ಓದೋ ಹಂಗೆ ಹತ್ರದಿಂದ ಒಂದು, ಮುಚ್ಚಳ ತೆಗೆದು ಚಮಚದಲ್ಲಿ ತೊಕ್ಕು ಎತ್ತಿ ಹಿಡಿದು ಇನ್ನೊಂದು. ಕೆಳಗೆ ತೂಕ, ಬೆಲೆ, ಎಷ್ಟು ದಿನ ಇರತ್ತೆ, ಕೊರಿಯರ್ ಖರ್ಚು ಯಾರದ್ದು, ಇದನ್ನೆಲ್ಲ ಹಾಕಿ. ಬೆಲೆ ಹಾಕ್ದೆ "ಮೆಸೇಜ್ ಮಾಡಿ" ಅಂತ ಬರೆದ್ರೆ ಅರ್ಧ ಜನ ಕೇಳೋದೇ ಇಲ್ಲ.

ಟ್ರೈನಿಂಗ್ ಮುಗಿದು ಕೆಲವು ತಿಂಗಳಾದ್ಮೇಲೆ ಅವರೇ ಫೋನ್ ಮಾಡಿ ಆದಾಯ ಹೆಚ್ಚಾಯ್ತಾ ಅಂತ ಕೇಳ್ತಾರೆ, ದುಡ್ಡು ಕೊಟ್ಟೋರಿಗೆ ಲೆಕ್ಕ ಒಪ್ಪಿಸ್ಬೇಕಲ್ಲ. ಆ ಫೋನ್‌ನ ಕಾಟಾಚಾರಕ್ಕೆ ಮುಗಿಸ್ಬೇಡಿ. ಪ್ರತಿ ತಿಂಗಳ ಮಾರಾಟ, ಖರ್ಚು ಬರೆದಿಟ್ಟಿದ್ರೆ ಅದನ್ನ ನೋಡ್ಕೊಂಡು ಸರಿಯಾದ ಅಂಕಿ ಹೇಳಿ, ಆಮೇಲೆ ನಿಮಗೆ ಬೇಕಾದ್ದನ್ನೂ ಅವಾಗ್ಲೇ ಕೇಳಿ: ಬೆಂಗಳೂರಲ್ಲಿ ಸಗಟು ತಗೊಳೋರು ಯಾರಾದ್ರೂ ಇದ್ರೆ ನಂಬರ್ ಕೊಡಿ, ಬ್ಯಾಂಕ್ ಲೋನ್ ಫೈಲ್ ರೆಡಿ ಮಾಡೋಕೆ ಒಬ್ಬರನ್ನ ಜೊತೆಗೆ ಕಳ್ಸಿ ಅಂತ.