ಪ್ಲೇಟಿಂಗ್ ನೀರಿಗೆ ಜಿಯೋಲೈಟ್: ಹೊಸೂರಿನ ನಮ್ಮ ಶೆಡ್ಡಿನ ಅನುಭವ

ಹೊಸೂರಲ್ಲಿ ನಮ್ದು ಚಿಕ್ಕ ಜಿಂಕ್ ಪ್ಲೇಟಿಂಗ್ (ಕಬ್ಬಿಣಕ್ಕೆ ಸತುವಿನ ಲೇಪ) ಶೆಡ್ಡು, ಬೋಲ್ಟು, ನಟ್ಟು, ಬ್ರಾಕೆಟ್ಟು ಇಂಥವೇ ಕೆಲ್ಸ. ತೊಳೆದ ನೀರಿಗೆ ಜಿಯೋಲೈಟ್ ಅನ್ನೋ ಈ ಕಲ್ಲಿನ ಪುಡಿ ಹಾಕ್ಬಿಡಿ ಸಾರ್, ಲೋಹ ಎಲ್ಲಾ ಹೀರ್ಕೊಳ್ಳುತ್ತೆ ಅಂತ ಮಾರೋಕೆ ಬರ್ತಾನೇ ಇರ್ತಾರೆ. ಹೀರ್ಕೊಳ್ಳೋದೇನೋ ನಿಜ, ಆದ್ರೆ ಅದನ್ನ ಕೊನೇ ಪಂಕ್ತೀಲಿ ಕೂರಿಸ್ಬೇಕು, ಮೊದ್ಲು ಸುಣ್ಣದ ಕೆಲ್ಸ ಮುಗೀಬೇಕು.

ನಾವು ಆಸಿಡ್ಡಲ್ಲಿ ತುಕ್ಕು ತೆಗೆದಾದ್ಮೇಲೆ ತೊಳೆದ ನೀರು, ಜಿಂಕ್ ಬಾತಿಂದ (ಲೇಪ ಕೊಡೋ ದ್ರಾವಣದ ತೊಟ್ಟಿ) ಎತ್ತಿ ತೊಳೆದ ನೀರು ಎರಡನ್ನೂ ಒಂದೇ ಟ್ಯಾಂಕಿಗೆ ಬಿಡ್ತೀವಿ, ಒಂದು ಹುಳಿ ಇನ್ನೊಂದು ಕ್ಷಾರ, ಅರ್ಧ ಕೆಲ್ಸ ತಾನಾಗೇ ಆಗುತ್ತೆ, ಉಳಿದಿದ್ದಕ್ಕೆ ಸುಣ್ಣ ಹಾಕಿ ಪಿಎಚ್ 9ರಿಂದ 9.5ಕ್ಕೆ ತಂದ್ರೆ ಜಿಂಕು, ಕಬ್ಬಿಣ ಎರಡೂ ಗಷ್ಟಾಗಿ ತಳಕ್ಕೆ ಕೂರುತ್ತೆ. ನಮ್ದು ಸೈನೈಡ್ ಇಲ್ಲದ ಬಾತು ಅದಕ್ಕೇ ಈ ಧೈರ್ಯ, ಸೈನೈಡ್ ಬಾತ್ ಇರೋರು ಅಪ್ಪಿತಪ್ಪಿಯೂ ಆಸಿಡ್ ನೀರು ಬೆರೆಸ್ಬೇಡಿ, ಬರೋ ಗ್ಯಾಸಿಗೆ ಜೀವಾನೇ ಹೋಗುತ್ತೆ.

ಜಿಂಕ್ ಮೇಲೆ ಹಳದಿ ಕ್ರೋಮೇಟ್ ಪದರ ಕೊಟ್ಟು ತೊಳೆದ ನೀರು ಬೇರೆ ಡ್ರಮ್ಮಿಗೆ. ಅದರಲ್ಲಿರೋ ಹೆಕ್ಸಾವಲೆಂಟ್ ಕ್ರೋಮಿಯಂ (ಕ್ರೋಮಿಯಂನ ವಿಷದ ರೂಪ) ನೀರಲ್ಲಿ ನೆಗೆಟಿವ್ ಚಾರ್ಜಲ್ಲಿರುತ್ತೆ, ಜಿಯೋಲೈಟೂ ನೆಗೆಟಿವ್ವೇ, ಹಿಡಿಯೋದೇ ಇಲ್ಲ. ಪಿಎಚ್ 3ರ ಕೆಳಗಿಳಿಸಿ ಆ ರೂಪ ಬದಲಿಸೋಕೆ ಸೋಡಿಯಂ ಮೆಟಾಬೈಸಲ್ಫೈಟ್ ಹಾಕಿ, ಹಳದಿ ಹೋಗಿ ಹಸಿರಾದ್ಮೇಲೆ ತಳಕ್ಕೆ ಕೂರಿಸೋಕೆ ಸುಣ್ಣ. ಹೊರಗೆ ಬಿಡೋ ನೀರಲ್ಲಿ ಜಿಂಕ್ ಲೀಟರಿಗೆ 5 ಮಿಲಿಗ್ರಾಂವರೆಗೆ ನಡೆಯುತ್ತೆ, ಈ ಕ್ರೋಮಿಯಂ ಬರೀ 0.1.

ತಿಳಿಯಾದ ನೀರನ್ನ ಪಿಎಚ್ 7ರ ಹತ್ರ ತಂದು, ಮರಳಿನ ಫಿಲ್ಟರ್ ದಾಟಿಸಿ ಆಮೇಲೆ ಕಾಲಮ್ಮಿಗೆ. ದಪ್ಪ ಪಿವಿಸಿ ಪೈಪು, ಒಳಗೆ 1-2 ಮಿಮೀ ಕ್ಲಿನಾಪ್ಟಿಲೊಲೈಟ್ (ಜಿಯೋಲೈಟಲ್ಲೇ ಒಂದು ಜಾತಿ) ಕಾಳು. ಪುಡಿ ಬೇಡ, ಕಟ್ಕೊಳ್ಳುತ್ತೆ. ಬೆಂಟೊನೈಟ್ ಅನ್ನೋ ಜೇಡಿಮಣ್ಣು ಅಗ್ಗ ಅಂತೀರಾ, ಅದು ನೀರು ಕುಡಿದು ಊದಿ ಪೈಪಲ್ಲಿ ಮುದ್ದೆ ಆಗುತ್ತೆ. ಕಾಳನ್ನ ತೊಳೆದು ರಾತ್ರಿಯಿಡೀ ಉಪ್ಪುನೀರಲ್ಲಿ ನೆನೆಸಿದ್ರೆ ಒಳಗೆ ಸೋಡಿಯಂ ತುಂಬ್ಕೊಳ್ಳುತ್ತೆ, ಆಮೇಲೆ ಅದನ್ನ ಬಿಟ್ಟುಕೊಟ್ಟು ಜಿಂಕ್ ಹಿಡಿಯೋದು ಸಲೀಸು. ನೀರು ನಿಧಾನ ಇಳೀಬೇಕು, ಜೋರು ಬಿಟ್ರೆ ಹಿಡಿಯೋಕೆ ಟೈಮೇ ಸಿಗಲ್ಲ.

ಪೊಟ್ಯಾಸಿಯಂ ಕ್ಲೋರೈಡ್ ಬಾತ್ ಇರೋ ಸ್ನೇಹಿತರೊಬ್ರು ನಂಗೂ ಹಾಕ್ಕೊಡಿ ಅಂದ್ರು, ಬೇಡ ಅಂದೆ. ಈ ಕಲ್ಲಿಗೆ ಪೊಟ್ಯಾಸಿಯಂ, ಅಮೋನಿಯಂ ಅಂದ್ರೆ ಪಂಚಪ್ರಾಣ, ಜಾಗ ಎಲ್ಲಾ ಅವೇ ಹಿಡಿದ್ರೆ ಜಿಂಕ್ ನೇರ ಹೊರಗೇ. ಗಡಸು ಬೋರ್ ನೀರಲ್ಲಿ ತೊಳೆದ್ರೂ ಕ್ಯಾಲ್ಸಿಯಂ ಇದೇ ತಕರಾರು ತೆಗೆಯುತ್ತೆ.

ಕಾಲಮ್ ಸೋತಾಗ ಶೇಕಡಾ 10ರ ಉಪ್ಪುನೀರು ಹಾಯಿಸಿ ಆ ನೀರನ್ನ ಮತ್ತೆ ಸುಣ್ಣದ ಟ್ಯಾಂಕಿಗೇ ಬಿಡ್ತೀವಿ. ಅದಕ್ಕೂ ಬಗ್ಗದ ಹಳೇ ಕಾಳು, ತಳದ ಗಷ್ಟು ಎರಡೂ ಅಪಾಯಕಾರಿ ತ್ಯಾಜ್ಯವೇ, ಚೀಲ ಕಟ್ಟಿ ಲೇಬಲ್ ಹಚ್ಚಿ ಚೆನ್ನೈ ಹತ್ರದ ಗುಮ್ಮಿಡಿಪೂಂಡಿಯ ಅಪಾಯಕಾರಿ ತ್ಯಾಜ್ಯ ವಿಲೇವಾರಿ ಕೇಂದ್ರಕ್ಕೆ ಕಳಿಸ್ತೀವಿ.